ಬತ್ತಿದ ಕೆರೆಯಲ್ಲಿ ತೆಗೆದ ಫೋಟೊ

ನಾನು ಇಂಥವನ್ನು ನಂಬುವವಳಲ್ಲ. ಯಾರಾದರೂ ದೆವ್ವ ಕಂಡ ಕಥೆ ಶುರು ಮಾಡಿದರೆ ಮಧ್ಯದಲ್ಲೇ ಬಾಯಿ ಹಾಕಿ ನಗುತ್ತಿದ್ದೆ. ಅವರೆಲ್ಲ ಈಗ ನನ್ನನ್ನು ನೋಡಿ ನಗಬಹುದು. ನಗಲಿ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ. ಅದು ರಾತ್ರಿಯೂ ಅಲ್ಲ, ಸ್ಮಶಾನವೂ ಅಲ್ಲ. ಬೇಸಿಗೆಯ ಮಧ್ಯಾಹ್ನ, ಬೂದಿಗೆರೆ ಕಡೆಯ ಒಂದು ಬತ್ತಿದ ಕೆರೆ.

ಆಗ ನಾನೂ ನನ್ನ ಕಾಲೇಜಿನ ಗೆಳೆಯ ಮಂಜುವೂ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆವು. ಬೆಂಗಳೂರಿನ ಆಫೀಸುಗಳವರನ್ನು ರಜಾದಿನ ಹಳ್ಳಿಗಳ ಕಡೆ ಕರೆತಂದು ಹುಡುಕಾಟದ ಆಟ ಆಡಿಸುವುದು ಅದರ ವ್ಯಾಪಾರ. ಆಟಗಾರರ ಫೋನಿಗೆ ಒಂದು ಜಾಗದ ಫೋಟೊ ಬರುತ್ತದೆ. ಅವರು ಆ ಜಾಗ ಹುಡುಕಿ, ಅಲ್ಲೇ ನಿಂತು, ಅದೇ ಥರದ ಫೋಟೊ ತೆಗೆದು ಕಳಿಸಬೇಕು. ಜಾಗ ಗೊತ್ತು ಮಾಡಿ ಮೊದಲ ಫೋಟೊ ತೆಗೆಯುವುದು ನಮ್ಮಿಬ್ಬರ ಕೆಲಸ. ಆಟದ ಆ್ಯಪ್ ಒಳಗಿಂದಲೇ ತೆಗೆಯಬೇಕು, ತೆಗೆದ ಕೂಡಲೇ ಅದು ಆಫೀಸಿಗೆ ಹೋಗುತ್ತದೆ.

ಆ ಕೆರೆಯ ನಡುವೆ ಒಂದು ಕಲ್ಲುಮಂಟಪವಿತ್ತು. ನೀರು ಒಂದು ಹನಿಯೂ ಇರಲಿಲ್ಲ. ಬಿರುಕು ಬಿಟ್ಟ ಮಣ್ಣು, ಅಲ್ಲಲ್ಲಿ ಜಾಲಿ ಗಿಡ. ಸ್ಕೂಟರನ್ನು ಕೆರೆಯೊಳಗೇ ಓಡಿಸಿಕೊಂಡು ಹೋದೆವು. ನನ್ನ ಕೆಂಪು ಹೆಲ್ಮೆಟ್ಟನ್ನು ಮಂಟಪದ ಕಟ್ಟೆಯ ಮೇಲಿಟ್ಟೆ. ಆಟಗಾರ ಎಲ್ಲಿ ನಿಲ್ಲಬೇಕೆಂದು ತೋರಿಸಲು ಮಂಜು ಅದರ ಮುಂದೆ ನಿಂತ.

“ಬೇಗ ತೆಗಿಯೇ, ತಲೆ ಸುಡ್ತಾ ಇದೆ” ಎಂದು ಮುಖ ಕಿವುಚಿಕೊಂಡ. ತೆಗೆದೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣಲಿಲ್ಲ. ಇನ್ನೂ ಎರಡು ಜಾಗ ಮುಗಿಸಿ, ಬೂದಿಗೆರೆಯ ಬೇಕರಿಯಲ್ಲಿ ಟೀ ಕುಡಿಯುತ್ತಾ ಫೋಟೊಗಳನ್ನು ನೋಡತೊಡಗಿದೆವು.

ಮಂಟಪದ ಫೋಟೊದಲ್ಲಿ ಕೆರೆ ತುಂಬಿತ್ತು.

ಕಟ್ಟೆಯ ಅಂಚಿಗೆ ಮುಟ್ಟುವಷ್ಟು ಹಸಿರು ನೀರು. ಕಟ್ಟೆಯ ಮೇಲೆ ನನ್ನ ಹೆಲ್ಮೆಟ್, ನೀರಿನಲ್ಲಿ ಅದರ ಪ್ರತಿಬಿಂಬ. ಮುಂದೆ ಮಂಜು, ಎದೆಯವರೆಗೆ ನೀರಿನಲ್ಲಿ. ತಲೆಗೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಮುಖ ಕಿವುಚಿರಲಿಲ್ಲ, ನಗುತ್ತಿದ್ದ.

ಮಂಜು ತನ್ನ ಅಂಗಿಯನ್ನು ಮುಟ್ಟಿ ನೋಡಿಕೊಂಡ. ನಾನು ಹಟಕ್ಕೆ ಬಿದ್ದು ಸ್ಕೂಟರ್ ತಿರುಗಿಸಿದೆ. ಅವನು ಬರಲಿಲ್ಲ. ಒಬ್ಬಳೇ ಹೋಗಿ ಅದೇ ಜಾಗದಲ್ಲಿ ನಿಂತು ಮತ್ತೆ ಮತ್ತೆ ತೆಗೆದೆ. ಎಲ್ಲದರಲ್ಲೂ ಒಣ ಮಣ್ಣೇ.

ಮರುದಿನ ಮ್ಯಾನೇಜರ್ ಇಬ್ಬರನ್ನೂ ಕರೆಸಿದರು. ಫೋಟೊ ಅವರಿಗೂ ಹಾಗೇ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಮಂಜು ನೆಲ ನೋಡುತ್ತಾ, “ಇವಳೇ ಏನೋ ಎಡಿಟ್ ಮಾಡಿರ್ಬೇಕು ಸಾರ್” ಎಂದುಬಿಟ್ಟ.

“ತಮಾಷೆಗೆ ಮಾಡ್ದೆ ಅಂತ ಒಂದ್ ಮಾತು ಹೇಳ್ಬಿಡಿ, ಮುಗೀತು” ಎಂದರು ಮ್ಯಾನೇಜರ್. ಮೃದುವಾಗಿಯೇ ಹೇಳಿದರು.

“ಮಾಡ್ದೇ ಇರೋದನ್ನ ಮಾಡ್ದೆ ಅನ್ನೋಕಾಗಲ್ಲ ಸಾರ್.”

“ಹಾಗಾದ್ರೆ ಕೆರೆಗೆ ನೀರು ನೀವೇ ತುಂಬಿಸಿದ್ರಾ?”

ಅದು ಹೇಗಾಯಿತೆಂದು ಗೊತ್ತಿಲ್ಲ ಎನ್ನುವ ಒಂದೇ ಕಾರಣಕ್ಕೆ ಸುಳ್ಳು ಒಪ್ಪಿಕೊಳ್ಳಬೇಕೆ? ಅವತ್ತೇ ಕೆಲಸ ಬಿಟ್ಟೆ. ಮನೆಯಲ್ಲಿ ಅಮ್ಮ ದೃಷ್ಟಿ ತೆಗೆಯಲು ಬಂದರು, ಅದಕ್ಕೂ ಕೂರಲಿಲ್ಲ.

ಮಂಜುವಿನ ಮೇಲೆ ಕುದಿಯುತ್ತಿದ್ದೆ. ಹೀಗಿರುವಾಗ ಅವನ ತಾಯಿ ದೊಡ್ಡಬಳ್ಳಾಪುರದಿಂದ ಫೋನ್ ಮಾಡಿದರು. “ಒಂದ್ಸಲ ಬಂದು ಹೋಗಮ್ಮ. ಆ ಫೋಟೊ ನೋಡಿದಾಗಿಂದ ಸ್ನಾನಕ್ಕೂ ಹೆದರ್ತಾನೆ. ಇವನಿಗೆ ಈಜು ಬರಲ್ಲ, ನೀರಲ್ಲೇ ಹೋಗ್ತೀನಿ ಅಂತಾನೆ” ಎಂದು ಅತ್ತರು.

ಹೋದೆ. ಬೀದಿಯ ತುಂಬಾ ಮಗ್ಗಗಳ ಸದ್ದು. ಅವನ ಕೋಣೆಯ ಕಿಟಕಿ ಮುಚ್ಚಿತ್ತು. ಇಳಿದುಹೋಗಿದ್ದ. ನನ್ನನ್ನು ಕಂಡದ್ದೇ ಕೈ ಹಿಡಿದುಕೊಂಡ.

“ಎಡಿಟ್ ಮಾಡ್ದೆ ಅಂತ ಹೇಳ್ಬಿಡೇ. ಸುಳ್ಳಾದ್ರೂ ಪರ್ವಾಗಿಲ್ಲ, ನಂಬ್ತೀನಿ.”

ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಹೇಳಿಬಿಡೋಣ ಎನಿಸಿತು. ಮ್ಯಾನೇಜರ್ ಎದುರು ಬಾರದ ಆಸೆ ಇಲ್ಲಿ ಬಂತು. ಆದರೆ ಫೋಟೊ ತೆಗೆದಾಗಿಂದ ಬೇಕರಿಯವರೆಗೂ ಅವನು ನನ್ನ ಜೊತೆಯಲ್ಲೇ ಇದ್ದವನು. ಎಷ್ಟು ದಿನ ನಂಬಿಯಾನು?

“ನಾನು ಮಾಡಿಲ್ಲ ಕಣೋ” ಎಂದೆ. “ಏನಾಯ್ತೋ ನಂಗೂ ಗೊತ್ತಿಲ್ಲ. ಆದ್ರೆ ನೀನು ಸರಿಯಾಗಿ ನೋಡೇ ಇಲ್ಲ. ನೋಡು.” ಫೋನನ್ನು ಅವನ ಮುಖದ ಮುಂದೆ ಹಿಡಿದೆ. ತಲೆ ತಿರುಗಿಸಿಕೊಂಡ. ನಾನು ಕೈ ಇಳಿಸಲಿಲ್ಲ. “ಮುಳುಗ್ತಿರೋನು ಹಿಂಗಿರ್ತಾನಾ? ನಗ್ತಿದ್ದೀಯಲ್ಲೋ!”

ಕೊನೆಗೆ ನೋಡಿದ. ತುಂಬಾ ಹೊತ್ತು ನೋಡಿದ.

“ಹೌದಲ್ಲ” ಎಂದ ಮೆಲ್ಲಗೆ.

ಎದ್ದು ಕಿಟಕಿ ತೆರೆದ.

ಫೋಟೊ ನನ್ನ ಹತ್ತಿರ ಇಂದಿಗೂ ಇದೆ. ಫೋನ್ ಬಲ್ಲವರು ಎರಡು ಚಿತ್ರ ಬೆರೆತಿದೆ ಎಂದರು. ಬೆರೆಯಲು ಎರಡನೆಯದು ಎಲ್ಲಿತ್ತು ಎಂದು ಕೇಳಿದರೆ ಫೋನ್ ವಾಪಸು ಕೊಟ್ಟರು. ದೇವರನ್ನು ನಂಬುವವರು ಗಂಗಮ್ಮನಿಗೆ ಪೂಜೆ ಮಾಡಿಸು ಎಂದರು. ಅವರಿಗೂ ಗೊತ್ತಿಲ್ಲ ಎನ್ನುವುದು ನನಗೆ ಗೊತ್ತು. ಭೂತ ಎನ್ನಲಾರೆ, ಭ್ರಮೆ ಎಂದು ಒಪ್ಪಲಾರೆ. ಯಾರು ಏನೇ ಅನ್ನಲಿ, ನಾನು ಒಣ ಮಣ್ಣಿನ ಮೇಲೆ ನಿಂತು ತೆಗೆದ ಫೋಟೊ ಅದು.

ಮಂಜು ಆಮೇಲೆ ಈಜು ಕಲಿಯಲು ಸೇರಿದ. ಮೊದಲ ದಿನವೇ ಮೂಗಿಗೆ ನೀರು ಹೋಗಿ ಕೆಮ್ಮುತ್ತಾ ಫೋನ್ ಮಾಡಿದ. ಭಯ ಆಗಲ್ವೇನೋ ಎಂದೆ.

“ಆಗತ್ತೆ. ಆದ್ರೆ ಆಗ್ಲಿ ಬಿಡೇ” ಎಂದ.