ಉಣ್ಣದೆ ಎದ್ದವರು

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಒಂದು ಮಾಳಿಗೆಯಲ್ಲಿ, ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂರುವವರಿಗೆ ನಾನು ತರ್ಕ ಕಲಿಸುತ್ತೇನೆ. ಒಂದು ಹೇಳಿಕೆ, ಅದರ ಕೆಳಗೆ ಎರಡು ತೀರ್ಮಾನ. ಯಾವುದು ಹೇಳಿಕೆಯಿಂದ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಗುರುತಿಸಬೇಕು. ‘ಹೇಳಿಕೆಯೊಳಗ ಇಲ್ಲದ್ದನ್ನ ನಿಮ್ಮ ತಲಿಯಿಂದ ತಂದು ಸೇರಸಬ್ಯಾಡ್ರಿ’ ಎಂದು ದಿನಕ್ಕೆ ಹತ್ತು ಸಲ ಗಂಟಲು ಹರಿದುಕೊಳ್ಳುತ್ತೇನೆ. ನನ್ನ ತಂಗಿಯ ಬಾಯಿ ಮುಚ್ಚಿಸಿದ್ದೂ ಇದೇ ಗಂಟಲು.

ನಾಲ್ಕು ವರ್ಷದ ಹಿಂದೆ ಅವಳನ್ನು ನೋಡಲು ಬಬಲೇಶ್ವರದವರು ತಿಕೋಟಾದ ನಮ್ಮ ಮನೆಗೆ ಬಂದರು. ಹುಡುಗ ಸಾಲಿ ಮಾಸ್ತರ. ಮದುವೆಯಾದ ಮೇಲೂ ಓದು ಬಿಡಬೇಡ ಎಂದನಂತೆ. ತಂಗಿಗೆ ಅಷ್ಟು ಸಾಕಾಗಿತ್ತು. ಅವ್ವ ಬೆಳಗಿನಿಂದ ಶೇಂಗಾ ಹೋಳಿಗೆ, ಎಣ್ಣೆಗಾಯಿ ಮಾಡಿ ಕಾದಿದ್ದಳು. ಅವರು ಚಹಾ ಕುಡಿದರು. ತಾಟು ಹಾಕುವಷ್ಟರಲ್ಲಿ ಎದ್ದು, ‘ಮತ್ತ ಹೇಳಿ ಕಳಸ್ತೀವ್ರಿ’ ಎಂದು ಹೊರಟೇಬಿಟ್ಟರು.

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಉಂಡರೆ ಒಪ್ಪಿದರೆಂದು ಲೆಕ್ಕ, ಉಣ್ಣದೆ ಎದ್ದರೆ ಒಲ್ಲೆ ಎಂದು. ಅಪ್ಪನ ಮುಖ ಕಪ್ಪಿಟ್ಟಿತು. ‘ನಮ್ಮ ಹುಡುಗಿ ಅವರ ಮನಸಿಗೆ ಬಂದಿಲ್ಲ’ ಎಂದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಂಗಿ ಮೆಲ್ಲಗೆ ಅಂದಳು: ‘ಉಂಡಿಲ್ಲ ಅಷ್ಟ, ಯಪ್ಪಾ. ಒಲ್ಲೆ ಅಂತ ಯಾರಂದಾರ? ಒಂದ್ ಮಾತ ಕೇಳ್ರಿ.’

ನನ್ನ ಕ್ಲಾಸಿನಲ್ಲಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ. ಅವತ್ತು, ‘ದೊಡ್ಡವರು ಮಾತಾಡೂ ಮುಂದ ನಡುವ ಬಾಯಿ ಹಾಕಬ್ಯಾಡ’ ಎಂದು ಗದರಿಸಿದೆ. ತರ್ಕವೇನೂ ಮರೆತಿರಲಿಲ್ಲ. ಅವಮಾನವಾಗಿತ್ತು, ಅವರಿಗೆ ಫೋನ್ ಮಾಡಿ ಕೇಳಿದರೆ ನಾವೇ ಸಣ್ಣವರಾಗುತ್ತೇವೆ ಎನಿಸಿತು.

ಹದಿನೈದು ದಿನದೊಳಗೆ ಅರಕೇರಿಯ ಒಂದು ಮನೆತನಕ್ಕೆ ಮಾತು ಕೊಟ್ಟೆವು. ಅವರು ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದರು. ನಿಶ್ಚಯದ ಮರುದಿನ ಬಬಲೇಶ್ವರದ ಮಧ್ಯಸ್ಥ ಬಂದ. ಸುದ್ದಿ ಕೇಳಿ ಅಂಗಳದಲ್ಲೇ ನಿಂತುಬಿಟ್ಟ. ‘ಮಾತ ಪಕ್ಕಾ ಆಗೂತನಕ ಹೆಣ್ಣಿನ ಮನ್ಯಾಗ ಉಣ್ಣೂ ಪದ್ಧತಿ ಇಲ್ರಿ ಅವರದು. ನಾಳೆ ಬಂದು ಪಕ್ಕಾ ಮಾಡಬೇಕಂತ ಹೇಳಿ ಕಳಸ್ಯಾರ’ ಎಂದ. ಅಪ್ಪ ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ತೆಗೆದುಕೊ ಎಂದು ನಾನೂ ಹೇಳಲಿಲ್ಲ.

ಅರಕೇರಿಯ ಗಂಡನ ಮನೆಯಲ್ಲಿ ತಂಗಿಯ ಪುಸ್ತಕಗಳನ್ನು ಮೊದಲ ತಿಂಗಳಲ್ಲೇ ರದ್ದಿಗೆ ಹಾಕಿದರು.

ಹೋದ ದೀಪಾವಳಿಗೆ ತವರಿಗೆ ಬಂದಿದ್ದಳು. ‘ಅರಾಮ ಅದೀಯೇನವಾ?’ ಎಂದು ಕೇಳಿದೆ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ.

‘ಅಳಾಕತ್ತಿಲ್ಲಲ್ಲ, ಅಣ್ಣಾ. ಅರಾಮ ಅದಾಳ ಅಂತ ತಿಳ್ಕೊ.’

ಅದರಿಂದ ಇದು ಬರುವುದಿಲ್ಲ ಎಂದು ಗೊತ್ತಿದ್ದೂ ತಾಟು ಎಳೆದುಕೊಂಡು ಉಣ್ಣಲು ಕೂತೆ.