ಟಿಕ್ ಸದ್ದಿನ ಪೀಡೆ

ಕ್ರೋಂಪೇಟೆಯ ಗುಂಡಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮದುವೆ ಆರ್ಕೆಸ್ಟ್ರಾಗಳಲ್ಲಿ ಎಲೆಕ್ಟ್ರಿಕ್ ಆರ್ಗನ್ ನುಡಿಸಿ ಹೆಸರು ಮಾಡಿದ ಆಸಾಮಿ; ನುಡಿಸಿದ್ದಕ್ಕಿಂತ ಅದನ್ನು ಬಿಚ್ಚಿ ರಿಪೇರಿ ಮಾಡಿದ್ದೇ ಹೆಚ್ಚು. ಊರಿನ ಕಡಲ ಗಾಳಿಗೆ ಒಳಗಿನ ತಂತಿಗಳು ಕಿಲುಬು ಹಿಡಿದು, ಕೀ ಒತ್ತಿದಾಗಲೆಲ್ಲ ಸ್ವರಕ್ಕೆ ಮುಂಚೆ ‘ಟಿಕ್’ ಅನ್ನುತ್ತಿತ್ತು. ಆ ಟಿಕ್ಕನ್ನು ಓಡಿಸುವುದರಲ್ಲೇ ಅವನ ಆಯುಸ್ಸು ಸವೆದಿತ್ತು.

ಈಗ ನಾಲ್ಕು ಜನ ಸೇರಿ ಎತ್ತಬೇಕಾಗಿದ್ದ ಆ ಪೆಟ್ಟಿಗೆ ಹೋಗಿ, ಮಗಳು ವಂದನಾ ಕೊಡಿಸಿದ ಹಗುರವಾದ ಡಿಜಿಟಲ್ ಆರ್ಗನ್ ಬಂದಿದೆ. ಎಣ್ಣೆ ಬಿಡುವುದು ಬೇಡ, ಒರೆಸುವುದು ಬೇಡ. ಹಳೆಯದರ ನಾದವನ್ನೇ ಯಥಾವತ್ತಾಗಿ ಕೊಡುತ್ತದಂತೆ. ಅದರ ನಾಬ್‌ಗಳನ್ನು ಒಂದೊಂದಾಗಿ ತಿರುಗಿಸುತ್ತ ಬಂದವನು ಒಂದರ ಮುಂದೆ ಬೆಚ್ಚಿದ. ಅದು ಟಿಕ್ ಸದ್ದನ್ನು ಬೇಕಾದಷ್ಟು ಸೇರಿಸಿಕೊಳ್ಳುವ ನಾಬ್!

“ನಾನು ಜನ್ಮವಿಡೀ ಓಡಿಸಿದ ಪೀಡೆಗೆ ಮಣೆ ಹಾಕಿ ಕೂರಿಸಿದ್ದಾರಲ್ಲಮ್ಮಾ!” ಎಂದು ಫೋನಿನಲ್ಲಿ ಮಗಳ ಮೇಲೆ ಹರಿಹಾಯ್ದ.

“ಹಳೇ ಆರ್ಗನ್ನಿನ ಆ ಟಿಕ್ಕೇ ಬೇಕು ಅಂತ ಎಲ್ಲರೂ ಕೇಳ್ತಾರಪ್ಪಾ,” ಎಂದಳು ಅವಳು.

ಗುಂಡಣ್ಣ ನಾಬನ್ನು ಸೊನ್ನೆಗೆ ತಿರುಗಿಸಿ ನುಡಿಸಿದ. ಸಪ್ಪೆ. ಎದ್ದು ವರಾಂಡದಲ್ಲಿ ಅಡ್ಡಾಡಿ, ಮತ್ತೆ ಬಂದು ಕೂತ. ಈ ಸಲ ಪೂರ್ತಿ ಏರಿಸಿದ.

ಟಿಕ್. ಟಿಕ್.

“ಅಯ್ಯೋ, ಇದೂ ಕೆಟ್ಟಿತೇನ್ರೀ?” ಅಡುಗೆಮನೆಯಿಂದ ಹೆಂಡತಿ ಕಲಾವತಿ ಕೂಗಿದಳು.

ಗುಂಡಣ್ಣನ ಬಲಗೈ ಆಗಲೇ ಸ್ಕ್ರೂಡ್ರೈವರಿಗಾಗಿ ತಡಕಾಡುತ್ತಿತ್ತು.