ಹತ್ತರಕಿಗೆ ಒಂದು ತಂಬಿಗೆ ನೀರು

ಅತ್ತೆ-ಸೊಸೆಗೆ ಮುನಿಸು ಬರಲು ಕಾರಣವೇ ಬೇಡ. ಉಪ್ಪು ಸಾಕು, ಸೀರೆ ಸಾಕು. ನನ್ನತ್ತೆ ಮಾತ್ರ ಒಂದು ಸೊಪ್ಪಿಗಾಗಿ ಗಂಟುಮೂಟೆ ಕಟ್ಟಿದರು!

"ನಾ ನಾಳೆ ಊರಿಗೆ ಹೊಂಟೀನವ್ವಾ. ಇಲ್ಲಿ ಹತ್ತರಕಿ ಇಲ್ಲ, ಏನಿಲ್ಲ. ಬರೇ ಅನ್ನ ತಿಂದು ಬಾಯಿ ಕೆಟ್ಟೈತಿ."

ನಾನು ದಢೇಸುಗೂರಿನಲ್ಲಿ ಟೀಚರು. ಯಜಮಾನರದು ಹಟ್ಟಿ ಗಣಿಯಲ್ಲಿ ಶಿಫ್ಟ್ ಡ್ಯೂಟಿ, ವಾರಕ್ಕೊಮ್ಮೆ ಮುಖ ತೋರಿಸುತ್ತಾರೆ. ಮಗಳಿಗಿನ್ನೂ ಒಂಬತ್ತು ತಿಂಗಳು. ಅತ್ತೆ ಹೊರಟರೆ ಮಗುವನ್ನು ನೋಡಿಕೊಳ್ಳುವವರು ಯಾರು? ನಾನು ನೌಕರಿ ಬಿಡಬೇಕಷ್ಟೆ.

ಹತ್ತರಕಿ ಗೊತ್ತಲ್ಲ? ಅತ್ತೆಯ ಊರಿರುವ ಮಸ್ಕಿ, ಲಿಂಗಸುಗೂರು ಕಡೆ ಎರೆಹೊಲದ ಬಿಳಿಜೋಳದ ನಡುವೆ ತಾನಾಗಿ ಹುಟ್ಟುವ ಸೊಪ್ಪು. ಎಲೆ ನೆಲಕ್ಕಂಟಿಕೊಂಡಿರುತ್ತದೆ, ಪುಟ್ಟ ಹಳದಿ ಹೂ. ಕಳೆ ತೆಗೆಯುವ ಹೆಂಗಸರು ಅದೊಂದನ್ನು ಉಳಿಸಿ, ಬುತ್ತಿ ಬಿಚ್ಚಿದಾಗ ಚಿವುಟಿ ತಂದು ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುತ್ತಾರೆ. ನಮ್ಮ ಕಾಲುವೆ ಸೀಮೆಯಲ್ಲಿ ಎಲ್ಲಿ ನೋಡಿದರೂ ಭತ್ತದ ಗದ್ದೆ. ಹತ್ತರಕಿ ಎಲ್ಲಿಂದ ಬರಬೇಕು?

"ಹಿತ್ತಲದಾಗ ನಾನ ಬೆಳೀತೀನ್ರಿ ಅತ್ತಿ. ಸೊಪ್ಪು ಬರೋತನಕ ಇರ್ರಿ."

ಅತ್ತೆ ಬಿದ್ದು ಬಿದ್ದು ನಕ್ಕರು. "ಹತ್ತರಕಿ ಬಿತ್ತಿದ ಶಾಣ್ಯಾರನ್ನ ನಾ ಈವತ್ತಿಗೂ ನೋಡಿಲ್ಲ. ಇದೊಂದು ನೋಡೇ ಹೋಗ್ತೀನಿ ತಗೋ."

ಯಜಮಾನರು ಊರಿಗೆ ಹೋಗಿ ಒಣಗಿದ ಹೂಗಳ ಬೀಜವನ್ನು ಬೆಂಕಿಪೊಟ್ಟಣದಲ್ಲಿ ತುಂಬಿ ತಂದರು. ರೇಡಿಯೋದ ರೈತರ ಕಾರ್ಯಕ್ರಮಕ್ಕೆ ಕಿವಿಗೊಟ್ಟೆ. ಭತ್ತ, ಸೂರ್ಯಕಾಂತಿ ಬಿಟ್ಟರೆ ಮಾತಿಲ್ಲ. ಸರಿ, ನನಗೆ ತಿಳಿದಂತೆ ಹಿತ್ತಲಲ್ಲಿ ಮಡಿ ಮಾಡಿ ಬೀಜ ಬಿತ್ತಿದೆ, ಗೊಬ್ಬರ ಹಾಕಿದೆ, ಎರಡೂ ಹೊತ್ತು ನೀರುಣಿಸಿದೆ. (ವಿಜ್ಞಾನದ ಟೀಚರ್ ಅಲ್ಲವೇ!) ಪಕ್ಕದ ಮನೆಯ ಸುಬ್ಬಮ್ಮ ಇಣುಕಿ, "ಕಳೆಗೆ ಗೊಬ್ಬರ ಹಾಕ್ತಾರಾ ಟೀಚರಮ್ಮಾ?" ಎಂದು ಕೇಳಿ ಹೋದರು.

ಎಲೆಗಳು ಅಂಗೈಯಗಲ ಬಂದವು. ಹೆಮ್ಮೆಯಿಂದ ರೊಟ್ಟಿ ಜೊತೆ ಬಡಿಸಿದೆ. ಅತ್ತೆ ನಿಧಾನವಾಗಿ ಅಗಿದರು.

"ಇದು ಹತ್ತರಕಿ ಅಲ್ಲವ್ವಾ, ಬರೇ ನೀರು. ಅದಕ್ಕ ಇಬ್ಬನಿ ಸಾಕು. ಅದು ಬಾಯಾರಬೇಕು, ಅಂದ್ರನ ರುಚಿ. ಇನ್ನ ಮ್ಯಾಲೆ ಮಡಿಗೆ ನೀ ಕೈ ಹಚ್ಚಬ್ಯಾಡ. ಇದನ್ನ ದಾರಿಗೆ ತಂದ ಮ್ಯಾಲೇನ ನಾ ಊರಿಗೆ ಹೋಗಾಕಿ."

ಅಲ್ಲಿಗೆ ನನ್ನ ತಲೆ ಓಡಿತು. ಸೊಪ್ಪು ದಾರಿಗೆ ಬಂದರೆ ತಾನೇ ಇವರು ಹೊರಡುವುದು?

ಅಂದಿನಿಂದ ದಿನಾ ಬೆಳಿಗ್ಗೆ ಅತ್ತೆ ಮಗುವಿಗೆ ಎರೆಯುವ ಹೊತ್ತಿಗೆ ನಾನು ಗುಟ್ಟಾಗಿ ಮಡಿಗೆ ಒಂದು ತಂಬಿಗೆ ನೀರು ಹೊಯ್ಯತೊಡಗಿದೆ. (ಮೋಸ ಅನ್ನುತ್ತೀರಾ? ಅನ್ನಿ.) ಮೊದಮೊದಲು ನೌಕರಿಗಾಗಿ. ಆಮೇಲಾಮೇಲೆ ಹಾಗಿರಲಿಲ್ಲ. ಶಾಲೆಯಿಂದ ಬರುವಷ್ಟರಲ್ಲಿ ಬಿಸಿ ರೊಟ್ಟಿ ಬಡಿದು, "ಇವತ್ತ ಸಾಲ್ಯಾಗ ಏನಾತವ್ವಾ?" ಎಂದು ಕೇಳುವ ಜೀವ ಮನೆಯಲ್ಲಿದ್ದರೆ ಎಷ್ಟು ಸುಖ! ಅವರು ಇಲ್ಲದ ಮನೆ ನನಗೆ ಬೇಡವಾಗಿತ್ತು.

ಮೊನ್ನೆ ಸೋಮವಾರ ಎಂದಿನಂತೆ ತಂಬಿಗೆ ಹಿಡಿದು ಹೋದೆ. ಮಡಿ ಆಗಲೇ ತೊಯ್ದು ತೊಪ್ಪೆಯಾಗಿದೆ! ಮಳೆ ಬಂದು ಎರಡು ತಿಂಗಳಾಗಿತ್ತು. ಯಜಮಾನರು ಹಟ್ಟಿಯಲ್ಲಿದ್ದರು.

ಒಳಗೆ ಬಂದೆ. ಬಚ್ಚಲಲ್ಲಿ ಅತ್ತೆ ಮಗುವಿಗೆ ಎರೆಯುತ್ತಿದ್ದರು. ಅವರ ಸೀರೆಯಂಚಿಗೆ, ಹಿಮ್ಮಡಿಗೆ ಹಿತ್ತಲಿನ ಹಸಿ ಕೆಸರು ಮೆತ್ತಿತ್ತು. ಸದ್ದಿಲ್ಲದೆ ತಂಬಿಗೆಯ ನೀರನ್ನು ಕೊಡಕ್ಕೇ ಸುರಿದೆ.

ಸಂಜೆ ಊಟಕ್ಕೆ ಕೂತಾಗ ಅತ್ತೆ ಒಂದೆಲೆ ಅಗಿದು ಮುಖ ಸಿಂಡರಿಸಿದರು. "ಇನ್ನೂ ನೀರು ನೀರ ಐತಿ ನೋಡವ್ವಾ. ಸದ್ಯಕ್ಕ ನಾ ಹೋಗೋದಂತೂ ಆಗಾಂಗಿಲ್ಲ."

"ಹೌದ್ರಿ ಅತ್ತಿ," ಎಂದೆ, ನಗು ತಡೆದುಕೊಂಡು. "ಅಷ್ಟು ನೀರು ಎಲ್ಲಿಂದ ಬರ್ತೈತೋ ಏನೋ!"